ಕಾರವಾರ ಏಕೆ ಮುಂಬಯಿ ಆಗಲಿಲ್ಲ?

ಶಿರಸಿ ಮಾಸ್ತರು

ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಜಗತ್ತಿನ ಪ್ರಮುಖ ಪ್ರದೇಶಗಳ ಪಾಠ ನಡೆಯುತ್ತಿದೆ. ಪರ್ವತ, ನದಿ, ವಾಯುಗುಣ, ಮಣ್ಣು ಎಲ್ಲ ಮುಗಿದ ಮೇಲೆ ಜನಸಂಖ್ಯೆ, ಬೆಳೆ, ಕೈಗಾರಿಕೆ, ಸಾರಿಗೆ ಎಂದು ಪುಸ್ತಕ ಹೊಸದಾಗಿ ಶುರುವಾಗುತ್ತದೆ. ಮೊದಲ ಭಾಗಕ್ಕೂ ಎರಡನೆಯ ಭಾಗಕ್ಕೂ ಮಾತುಕತೆಯೇ ಇಲ್ಲ.

ಮೊನ್ನೆ ಒಬ್ಬಳು ಹುಡುಗಿ ಎದ್ದು ಕೇಳಿದಳು: "ಕಾರವಾರದ್ದು ಸಹಜ ಬಂದರು, ಮುಂಬಯಿಯದ್ದೂ ಸಹಜ ಬಂದರು. ಕಾರವಾರ ಏಕೆ ಮುಂಬಯಿ ಆಗಲಿಲ್ಲ?" ಹಿಂದಿನ ಬೆಂಚಿನವನು "ಬೆನ್ನಿಗೆ ಘಟ್ಟ ಇದೆಯಲ್ಲ" ಎಂದ. ತರಗತಿ ಒಪ್ಪಿಕೊಂಡಿತು, ನಾನು ಒಪ್ಪಲಿಲ್ಲ. ಮುಂಬಯಿಯ ಬೆನ್ನಿಗೂ ಇರುವುದು ಇದೇ ಸಹ್ಯಾದ್ರಿ. ಅಲ್ಲಿ ಭೋರ್ ಘಾಟಿಯಲ್ಲಿ 1863ಕ್ಕೆ, ಥಳ್ ಘಾಟಿಯಲ್ಲಿ 1865ಕ್ಕೆ ರೈಲು ಹತ್ತಿತು. ಗುಡ್ಡ ಒಂದೇ, ಊರುಗಳ ಹಣೆಬರಹ ಬೇರೆ ಬೇರೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯವರು ತಮ್ಮ ತಮ್ಮ ಊರಿನಿಂದ ಉದಾಹರಣೆ ಕೊಡಿ. ಅದಕ್ಕೆ ಹೊಂದುವ ಹೊರದೇಶದ್ದು ನೆನಪಿದ್ದರೆ ಅದನ್ನೂ ಸೇರಿಸಿ. ನೆಲ ಎಷ್ಟು ಮಾಡಿತು, ಮನುಷ್ಯ ಎಷ್ಟು ಮಾಡಿದ ಎಂದು ಮಕ್ಕಳೇ ತೂಗಿ ನೋಡಲಿ.

ಬೈತಖೋಲದ ಗಾಳಿ

ಮಾಸ್ತರರೇ, ಆ ಹುಡುಗಿಗೆ ಕಥೆಯನ್ನು ಅಮೆರಿಕದಿಂದ ಶುರುಮಾಡಿ ಹೇಳಿ.

1861ರಲ್ಲಿ ಅಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಹತ್ತಿ ಬೆಳೆಯುವ ದಕ್ಷಿಣದ ರಾಜ್ಯಗಳ ಬಂದರುಗಳಿಗೆ ಉತ್ತರದವರ ನೌಕಾಪಡೆ ದಿಗ್ಬಂಧನ ಹಾಕಿತು. ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳು ಹತ್ತಿಯಿಲ್ಲದೆ ಬಾಗಿಲು ಹಾಕುವ ಸ್ಥಿತಿಗೆ ಬಂದವು. ಧಾರವಾಡದ ಕಪ್ಪು ನೆಲದ ಹತ್ತಿಗೆ ಒಮ್ಮೆಲೇ ಬೆಲೆ ಬಂತು. ಆ ಹತ್ತಿ ಮೊದಲಿನಿಂದಲೂ ಎತ್ತುಗಳ ಬೆನ್ನೇರಿ ಘಟ್ಟ ಇಳಿದು ಕುಮಟಾಕ್ಕೆ ಬಂದು, ಅಲ್ಲಿಂದ ಹಾಯಿ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿತ್ತು. ಬೆಳೆದವರು ಬಯಲುಸೀಮೆಯವರಾದರೂ ಮುಂಬಯಿ ಪೇಟೆಯಲ್ಲಿ ಅದರ ಹೆಸರು ಕುಮಟಾ ಹತ್ತಿ.

ಕುಮಟಾದ ಅಳಿವೆ ಆಳವಿಲ್ಲದ್ದು, ದೊಡ್ಡ ಹಡಗು ಒಳಗೆ ಬರುವುದಿಲ್ಲ. ಕಾರವಾರದ ಕೊಲ್ಲಿ ಹಾಗಲ್ಲ. ಬೈತಖೋಲದ ಗುಡ್ಡ ಸಮುದ್ರಕ್ಕೆ ಚಾಚಿಕೊಂಡು ಮಳೆಗಾಲದ ನೈರುತ್ಯದ ಅಲೆಯನ್ನು ತಡೆಯುತ್ತದೆ, ಹೊರಗೆ ದ್ವೀಪಗಳಿವೆ. ತೊಡಕು ಒಂದೇ. ಧಾರವಾಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು, ಕಾರವಾರ ಮದ್ರಾಸಿಗೆ. ಹತ್ತಿ ಒಬ್ಬರ ಕೈಯಲ್ಲಿ, ಬಂದರು ಇನ್ನೊಬ್ಬರ ಕೈಯಲ್ಲಿ. ಹತ್ತಿಯ ಕಡೆಯವರ ಒತ್ತಾಯ ಗೆದ್ದಿತು: 1862ರಲ್ಲಿ ಇಡೀ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ನಮ್ಮ ಜಿಲ್ಲೆಯೂ ದಕ್ಷಿಣ ಕನ್ನಡವೂ ಸುಮಾರು ಒಂದು ಶತಮಾನ ಎರಡು ಆಡಳಿತಗಳಲ್ಲಿ ಬದುಕಿದ್ದರ ಹಿಂದೆ ಹತ್ತಿಯ ಗಂಟು ಇದೆ.

ಮುಂದಿನದು ನೋವಿನ ಭಾಗ. ಯುದ್ಧ 1865ರಲ್ಲಿ ಮುಗಿಯಿತು, ಹತ್ತಿಯ ಬೆಲೆ ಕುಸಿಯಿತು. ಕಾರವಾರದಿಂದ ಹುಬ್ಬಳ್ಳಿಗೆ ರೈಲು ಎಂಬ ಮಾತು ಕಾಗದದಲ್ಲಿ ಉಳಿಯಿತು. ಅತ್ತ ಬ್ರಿಟಿಷರೂ ಪೋರ್ಚುಗೀಸರೂ 1878ರಲ್ಲಿ ಒಪ್ಪಂದ ಮಾಡಿಕೊಂಡು ಮರ್ಮಗೋವಾದಿಂದ ಘಟ್ಟ ಹತ್ತುವ ರೈಲು ಹಾಕಿದರು. 1880ರ ದಶಕ ಮುಗಿಯುವಷ್ಟರಲ್ಲಿ ಅದು ಓಡುತ್ತಿತ್ತು. ಧಾರವಾಡದ ಸರಕು ಆ ಕಡೆ ಹರಿಯಿತು, ಕಾರವಾರ ಬಿಕೋ ಎಂದಿತು. ಆ ರೈಲು ಘಟ್ಟ ಹತ್ತಿ ನಿಲ್ಲುವ ಕ್ಯಾಸಲ್‌ರಾಕ್ ಇರುವುದು ನಮ್ಮ ಜೋಯಿಡಾ ತಾಲೂಕಿನಲ್ಲಿಯೇ! ನಮ್ಮ ಜಿಲ್ಲೆಯ ಘಟ್ಟ ರೈಲು ಹತ್ತಿಸಿಕೊಂಡಿತು, ನಮ್ಮ ಬಂದರಿಗೆ ಮಾತ್ರ ಕೊಡಲಿಲ್ಲ.

ನಿವೃತ್ತ ಇಂಜಿನಿಯರ್, ದಾಂಡೇಲಿ

ಇದು ಇತಿಹಾಸ, ಭೂಗೋಳವಲ್ಲ. ಮೂಲದಲ್ಲಿ ಎಲ್ಲವನ್ನೂ ತೀರ್ಮಾನಿಸುವುದು ನೆಲ ಮತ್ತು ನೀರು. ಈಜಿಪ್ಟ್ ನೋಡಿ. ದೇಶ ಹತ್ತು ಲಕ್ಷ ಚದರ ಕಿಲೋಮೀಟರ್ ಇದೆ, ಜನ ಮಾತ್ರ ನೈಲ್ ದಂಡೆಯ ಮತ್ತು ಮುಖಜ ಭೂಮಿಯ ಪಟ್ಟಿಯಲ್ಲಿ ಒತ್ತೊತ್ತಾಗಿ ಕುಳಿತಿದ್ದಾರೆ. ಫರೋಗಳು ಹೋದರು, ರೋಮನ್ನರು ಹೋದರು, ಅರಬರು ಬಂದರು, ಇಂಗ್ಲಿಷರು ಬಂದು ಹೋದರು. ಜನ ಆ ಪಟ್ಟಿ ಬಿಟ್ಟು ಕದಲಲಿಲ್ಲ. ಚಿಲಿಯ ಉತ್ತರದಲ್ಲಿ ಅಟಕಾಮ ಮರುಭೂಮಿ. ಪೂರ್ವದ ತೇವವನ್ನು ಆಂಡಿಸ್ ತಡೆಯುತ್ತದೆ, ಪಶ್ಚಿಮದ ಹಂಬೋಲ್ಟ್ ಶೀತ ಪ್ರವಾಹ ಮೋಡವನ್ನು ಮಳೆಯಾಗಲು ಬಿಡುವುದಿಲ್ಲ. ಅಲ್ಲಿ ಯಾರ ನಿರ್ಧಾರ ಏನು ಮಾಡೀತು?

ನಮ್ಮಲ್ಲೂ ಹಾಗೆಯೇ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿನ ಆಸುಪಾಸು ಮಳೆ. ಘಟ್ಟ ದಾಟಿ ಹಳಿಯಾಳ, ಮುಂಡಗೋಡಕ್ಕೆ ಬಂದರೆ ಅದರ ಅರ್ಧವೂ ಇಲ್ಲ. ಒಂದೇ ಜಿಲ್ಲೆಯಲ್ಲಿ ತೆಂಗು, ಅಡಿಕೆ, ಹತ್ತಿ ಮೂರೂ ಬೆಳೆಯುತ್ತವೆ. ಯಾವ ಸರ್ಕಾರವೂ ಇದನ್ನು ಹಂಚಿಕೊಟ್ಟದ್ದಲ್ಲ.

ಹಳಿಯಾಳದ ಹೊಲ

ಇಂಜಿನಿಯರ್ ಸಾಹೇಬರೇ, ನಮ್ಮ ಕಡೆ ಈಗ ಕಬ್ಬಿನ ಹೊಲಗಳನ್ನು ನೋಡಿಲ್ಲವೇ? ಮಳೆ ಹೆಚ್ಚಿತೆಂದು ಕಬ್ಬು ಬರಲಿಲ್ಲ. ಕಾರ್ಖಾನೆ ಬಂತು, ಕೊಳವೆಬಾವಿ ಬಂತು, ಹಿಂದೆಯೇ ಕಬ್ಬು ಬಂತು.

ಅಕ್ಕೋರು, ಅಘನಾಶಿನಿ ದಂಡೆ

ಇಂಜಿನಿಯರರು ಈಜಿಪ್ಟಿನ ಬಗ್ಗೆ ಹೇಳಿದ್ದು ಸರಿ. ಆದರೆ ನೈಲ್ ದಂಡೆಯ ಜನ ಸುಮ್ಮನೆ ಕುಳಿತಿರಲಿಲ್ಲ. ನೆರೆಯ ನೀರನ್ನು ಪಾತಿ ಕಟ್ಟಿ ನಿಲ್ಲಿಸಿಕೊಂಡರು, ಕಾಲುವೆ ತೋಡಿದರು. ನೀರು ನದಿಯದು, ಗದ್ದೆ ಮನುಷ್ಯರದು. ನಮ್ಮ ಗಜನಿಯಲ್ಲಿಯೂ ಇದೇ ಆಗಿದೆ.

ಘಟ್ಟದ ಮೇಲಿನವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಅಘನಾಶಿನಿ ಸಮುದ್ರ ಸೇರುವಲ್ಲಿ ಅಳಿವೆ ಅಗಲವಾಗಿದೆ. ಭರತದಲ್ಲಿ ಉಪ್ಪುನೀರು ಒಳಗೆ ನುಗ್ಗುತ್ತದೆ, ಇಳಿತದಲ್ಲಿ ಹೊರಗೆ ಹೋಗುತ್ತದೆ. ಆ ತಗ್ಗು ನೆಲಕ್ಕೆ ಮಣ್ಣಿನ ಒಡ್ಡು ಕಟ್ಟಿ, ಅಲ್ಲಲ್ಲಿ ಹಲಗೆಯ ಬಾಗಿಲು ಇಟ್ಟು ಗದ್ದೆ ಮಾಡಿದ್ದೇ ಗಜನಿ. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದಾಗ ಕಗ್ಗ ಭತ್ತ ಬಿತ್ತುತ್ತಾರೆ. ಕಗ್ಗ ಆಳೆತ್ತರಕ್ಕೆ ಬೆಳೆಯುತ್ತದೆ, ಉಪ್ಪನ್ನೂ ತಡೆಯುತ್ತದೆ, ಕೆಲವು ದಿನ ಮುಳುಗಿದರೂ ಸಾಯುವುದಿಲ್ಲ. ಗೊಬ್ಬರವನ್ನು ಹೊಳೆಯೇ ತಂದು ಹಾಕುತ್ತದೆ. ಕೊಯ್ಯುವಾಗ ತೆನೆ ಮಾತ್ರ ಕೊಯ್ದು ಹುಲ್ಲನ್ನು ನೀರಿಗೇ ಬಿಡುತ್ತಾರೆ, ಅದು ಮೀನು ಸಿಗಡಿಗೆ ಆಹಾರ. ಕೊಯ್ಲಿನ ನಂತರ ಗಜನಿ ಮೀನಿನದು.

ಒಡ್ಡು ಒಬ್ಬರಿಂದ ಉಳಿಯುವ ವಸ್ತುವಲ್ಲ. ಒಂದು ಕಡೆ ಬಿರುಕು ಬಿಟ್ಟರೆ ಎಲ್ಲರ ಗದ್ದೆಗೂ ಉಪ್ಪುನೀರು ಬರುತ್ತದೆ. ಹಾಗಾಗಿ ಬಾಗಿಲು ಯಾವಾಗ ತೆಗೆಯಬೇಕು, ಯಾರು ಕಾಯಬೇಕು, ಒಡೆದರೆ ಯಾರು ಮಣ್ಣು ಹೊರಬೇಕು ಎಂಬುದಕ್ಕೆ ಊರಿನ ಕಟ್ಟಳೆ ಇತ್ತು. ನೆದರ್‌ಲ್ಯಾಂಡಿನಲ್ಲಿ ನಡೆದದ್ದೂ ಇದೇ. ಆ ದೇಶದ ಸುಮಾರು ಕಾಲುಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಒಡ್ಡು ನೋಡಿಕೊಳ್ಳಲೆಂದೇ ಹದಿಮೂರನೆಯ ಶತಮಾನದಿಂದ ಅಲ್ಲಿ ನೀರಿನ ಮಂಡಳಿಗಳಿವೆ, ಇಂದಿಗೂ ಅವಕ್ಕೆ ಚುನಾವಣೆ ನಡೆಯುತ್ತದೆ. ತಗ್ಗು ನೆಲ ಆ ಜನರಿಗೆ ಒಟ್ಟಾಗಿ ಕೂರಲೇಬೇಕಾದ ಅನಿವಾರ್ಯವನ್ನು ತಂದಿತು. ಕೂತು ಏನು ತೀರ್ಮಾನಿಸಬೇಕು ಎಂದು ನೆಲ ಹೇಳಿಕೊಡಲಿಲ್ಲ.

1953ರ ಚಳಿಗಾಲದ ಬಿರುಗಾಳಿಗೆ ಅಲ್ಲಿನ ಒಡ್ಡುಗಳು ಒಡೆದು 1,800ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನ ಅಳಿವೆಗಳನ್ನು ಅಣೆಕಟ್ಟು ಹಾಕಿ ಮುಚ್ಚಿಬಿಡುವ ಯೋಜನೆ ಬಂತು. ಓಸ್ಟರ್‌ಸ್ಖೆಲ್ಡೆ ಎಂಬ ಅಳಿವೆಯ ಸರದಿ ಬಂದಾಗ ಚಿಪ್ಪಿನ ಕೃಷಿಕರು, ಮೀನುಗಾರರು, ಪರಿಸರದವರು ಎದ್ದು ನಿಂತರು. ಭರತ ಇಳಿತ ನಿಂತರೆ ಅಳಿವೆ ಸಾಯುತ್ತದೆ ಎಂಬುದು ಅವರ ವಾದ. ಸರ್ಕಾರ ಯೋಜನೆಯನ್ನು ಬದಲಿಸಿ ಬಾಗಿಲುಗಳ ತಡೆಗೋಡೆ ಕಟ್ಟಿತು, 1986ರಲ್ಲಿ ಅದು ಮುಗಿಯಿತು. ಸಾಧಾರಣ ದಿನಗಳಲ್ಲಿ ಬಾಗಿಲು ತೆರೆದಿರುತ್ತದೆ, ಬಿರುಗಾಳಿ ಬಂದರೆ ಮುಚ್ಚುತ್ತಾರೆ. ಹಲಗೆ ಬಾಗಿಲಿನ ಲೆಕ್ಕಾಚಾರ ಗೊತ್ತಿರುವ ನಮ್ಮ ಗಜನಿಯ ಹಿರಿಯರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ.

ತದ್ವಿರುದ್ಧ ಉದಾಹರಣೆ ಬಾಂಗ್ಲಾದೇಶದ್ದು. 1960ರ ದಶಕದಲ್ಲಿ ಅಲ್ಲಿನ ಕರಾವಳಿಗೆ ಉದ್ದಕ್ಕೂ ಒಡ್ಡು ಹಾಕಿದರು. ಉಪ್ಪು ನಿಂತಿತು, ಬೆಳೆ ಬಂತು. ಆದರೆ ಹೊಳೆಯ ಹೂಳು ಗದ್ದೆಗೆ ಬರುವುದೂ ನಿಂತಿತು. ಒಡ್ಡಿನ ಒಳಗೆ ನೆಲ ಕುಸಿಯುತ್ತ ಹೋಯಿತು, ಹೊರಗೆ ಹೊಳೆಯ ಪಾತ್ರ ಹೂಳಿನಿಂದ ಏರಿತು. ಈಗ ಎಷ್ಟೋ ಕಡೆ ಮಳೆನೀರು ಹೊರಗೆ ಹೋಗಲಾರದೆ ನಿಲ್ಲುತ್ತದೆ. ನಮ್ಮಲ್ಲೂ ಒಡ್ಡುಗಳಿಗೆ ಕಲ್ಲು ಕಟ್ಟಿದ ನಂತರ ಊರಿನ ಕಟ್ಟಳೆ ಸಡಿಲವಾಯಿತು, ಸಿಗಡಿ ಕೃಷಿಯ ದುಡ್ಡು ಬಂತು, ಕಗ್ಗದ ಗದ್ದೆ ಹಡೀಲು ಬಿದ್ದವು. ನೆಲ ಅದೇ, ನೀರೂ ಅದೇ.

ನಿವೃತ್ತ ಇಂಜಿನಿಯರ್, ದಾಂಡೇಲಿ

ಅಕ್ಕೋರೇ, ಚೆನ್ನಾಗಿ ಬರೆದಿದ್ದೀರಿ. ಆದರೆ ಒಡ್ಡು ಕಟ್ಟಬಹುದಾದ ತಗ್ಗು ನೆಲ ಇದ್ದುದರಿಂದ ತಾನೇ ಕಟ್ಟಿದ್ದು? ಶಿರಸಿಯಲ್ಲಿ ಗಜನಿ ಏಕಿಲ್ಲ?

ತೋಟದ ಅಗಳ

ಶಿರಸಿಯಲ್ಲಿ ಗಜನಿ ಇಲ್ಲ, ತೋಟ ಇದೆ. ಅಡಿಕೆಗೆ ಕಣಿವೆಯ ತಂಪು ಬೇಕು, ಬೇಸಿಗೆಯಲ್ಲೂ ಬತ್ತದ ಒರತೆ ಬೇಕು. ಅಷ್ಟನ್ನು ನೆಲ ಕೊಟ್ಟಿತು. ಆದರೆ ಸಹ್ಯಾದ್ರಿಯ ಇಂತಹ ಕಣಿವೆಗಳು ಗುಜರಾತಿನ ಅಂಚಿನಿಂದ ಕೇರಳದವರೆಗೆ ಇವೆ, ಎಲ್ಲ ಕಡೆ ಶಿರಸಿ–ಸಿದ್ದಾಪುರದಂತಹ ತೋಟಪಟ್ಟಿ ಹುಟ್ಟಲಿಲ್ಲ. ಮಳೆ ತೊಳೆದುಹಾಕುವ ಮಣ್ಣಿಗೆ ವರ್ಷವೂ ಸೊಪ್ಪು, ಒಣ ಎಲೆಯ ದರಕು ಹಾಕಬೇಕು. ಅದಕ್ಕೆ ಕಾಡು ಬೇಕು. ಬ್ರಿಟಿಷರ ಕಾಲದಲ್ಲಿ ಇಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನಬೆಟ್ಟದ, ಅಂದರೆ ಸೊಪ್ಪು ತರುವ ಕಾಡಿನ, ಸವಲತ್ತು ದೊರೆಯಿತು. ಆ ಕಾಯಿದೆಯ ಗೆರೆಯನ್ನು ಇಂದಿಗೂ ಗುಡ್ಡದ ಮೇಲೆ ಕಣ್ಣಾರೆ ಕಾಣಬಹುದು: ಈಚೆ ಸವರಿದ ಮರಗಳ ಬೆಟ್ಟ, ಆಚೆ ಮೀಸಲು ಅರಣ್ಯ.

ಸ್ವಿಟ್ಜರ್‌ಲೆಂಡಿನ ಟೊರ್ಬೆಲ್ ಎಂಬ ಹಳ್ಳಿಯಲ್ಲಿ 1517ರ ಕಟ್ಟಳೆಯೊಂದಿದೆ. ಚಳಿಗಾಲದಲ್ಲಿ ತನ್ನ ಮೇವಿನಿಂದ ಎಷ್ಟು ದನ ಸಾಕಬಲ್ಲನೋ ಅಷ್ಟನ್ನೇ ಬೇಸಿಗೆಯಲ್ಲಿ ಊರ ಗೋಮಾಳಕ್ಕೆ ಬಿಡಬೇಕು. ಆಲ್ಪ್ಸ್ ಹುಲ್ಲುಗಾವಲು ಇಂದಿಗೂ ಹಸಿರಾಗಿರುವುದರಲ್ಲಿ ಈ ಒಂದು ಸಾಲಿನ ಪಾಲು ಸಣ್ಣದಲ್ಲ.

ಇನ್ನೊಂದು ಮಾತು. ಕಾಡನ್ನು ಕಾಡಾಗಿ ಉಳಿಸಿದ್ದೂ ಬರೀ ಮಳೆಯಲ್ಲ. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಕಡೆಯ ಜನ ಕಡಿತ ತಡೆಯಲು ಮರ ಅಪ್ಪಿಕೊಳ್ಳದಿದ್ದರೆ ಕಳಸೆ ಕಾಡಿನ ನಕ್ಷೆ ಬೇರೆಯೇ ಇರುತ್ತಿತ್ತು.

ಯಲ್ಲಾಪುರ ಕಾಡುದಾರಿ

ಎಲ್ಲರೂ ಬೆಳೆ, ಬಂದರು ಎನ್ನುತ್ತಿದ್ದೀರಿ. ಗುಡ್ಡಗಾಡು ಅಡಗುತಾಣವೂ ಹೌದು. ನಮ್ಮ ಸಿದ್ದಿಗಳ ಪೂರ್ವಜರು ಆಫ್ರಿಕಾದವರು. ಗೋವೆಯಲ್ಲಿ ಪೋರ್ಚುಗೀಸರ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರು ಈ ಕಾಡಿನಲ್ಲಿ ನೆಲೆ ನಿಂತರು. ಸಿಪಾಯಿಗಳಿಗೆ ದಾರಿಯಿಲ್ಲದ ಕಾಡೇ ಅವರಿಗೆ ಬೇಕಾಗಿತ್ತು.

ಜಮೈಕಾದಲ್ಲಿ ಇದೇ ಕಥೆ ಇನ್ನೂ ದೊಡ್ಡದಾಗಿ ನಡೆಯಿತು. ಕಬ್ಬಿನ ತೋಟಗಳಿಂದ ಓಡಿದ ಗುಲಾಮರು ಸುಣ್ಣಕಲ್ಲಿನ ಗುಂಡಿಗಳ ಕಾಕ್‌ಪಿಟ್ ಪ್ರದೇಶದಲ್ಲಿ, ನೀಲಿ ಬೆಟ್ಟಗಳಲ್ಲಿ ಸೇರಿಕೊಂಡರು. ಮರೂನರು ಎಂದು ಅವರ ಹೆಸರು. ಬ್ರಿಟಿಷ್ ಸೈನ್ಯ ಅವರನ್ನು ಬಗ್ಗಿಸಲಾರದೆ 1739ರಲ್ಲಿ ಒಪ್ಪಂದಕ್ಕೆ ಬಂದಿತು. ವ್ಯಾಪಾರಿಯ ನಕ್ಷೆಯಲ್ಲಿ ಅಡ್ಡಿ ಎಂದು ಬರೆದ ಗುಡ್ಡ ಓಡಿಬಂದವನ ನಕ್ಷೆಯಲ್ಲಿ ಕೋಟೆ. ಮಕ್ಕಳಿಗೆ ನಕ್ಷೆ ಕೊಡುವಾಗ ಅದು ಯಾರ ನಕ್ಷೆ ಎಂದೂ ಕೇಳಿಸಿ, ಮಾಸ್ತರರೇ.

ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಅಡಗಿಸಿದ ಕಾಡು ಮರೆಸಿಯೂ ಬಿಟ್ಟಿತ್ತು.

ಭಟ್ಕಳ–ದುಬೈ

ಈ ವಾದವನ್ನೆಲ್ಲ ದುಬೈನಲ್ಲಿ ಕುಳಿತು ಓದುತ್ತಿದ್ದೇನೆ. ನಮ್ಮೂರಿನವರಿಗೆ ಘಟ್ಟದಾಚೆಗಿಂತ ಕಡಲಾಚೆಯೇ ಹೆಚ್ಚು ಪರಿಚಯ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ನೈರುತ್ಯದ ಗಾಳಿ, ಚಳಿಗಾಲದಲ್ಲಿ ಈಶಾನ್ಯದ ಗಾಳಿ. ಮಳೆಯ ಬಿರುಸು ಇಳಿಯುವ ಹೊತ್ತಿಗೆ ಅರಬ್ ಹಡಗು ಇತ್ತ ಬರುತ್ತಿತ್ತು, ಚಳಿಗಾಲದಲ್ಲಿ ಹಿಂದಿರುಗುತ್ತಿತ್ತು. ನಡುವಿನ ತಿಂಗಳುಗಳಲ್ಲಿ ಗಾಳಿಗಾಗಿ ಕಾಯಬೇಕು. ಕಾಯುವವರು ಮನೆ ಮಾಡಿದರು, ಮದುವೆಯಾದರು. ಭಟ್ಕಳದ ಮುಸ್ಲಿಮರಾದ ನವಾಯತರ ಊಟ, ಉಡುಗೆ, ಮನೆಮಾತು ಎಲ್ಲದರಲ್ಲೂ ಆ ಬೆರಕೆ ಇದೆ. ವಿಜಯನಗರಕ್ಕೆ ಕುದುರೆಗಳು ಇಳಿಯುತ್ತಿದ್ದ ಬಂದರುಗಳಲ್ಲಿ ಭಟ್ಕಳವೂ ಒಂದು. 1970ರ ದಶಕದಲ್ಲಿ ಕೊಲ್ಲಿಯಲ್ಲಿ ತೈಲದ ದುಡ್ಡು ಏರಿದಾಗ ನಮ್ಮವರು ಹಳೆಯ ದಾರಿಯಲ್ಲೇ ಹೊರಟರು, ಹಾಯಿಯ ಬದಲು ವಿಮಾನ.

ಗಾಳಿ ಕರಾವಳಿಯ ಎಲ್ಲ ಊರಿಗೂ ಒಂದೇ ಬೀಸಿತು. ಎಲ್ಲ ಊರೂ ಭಟ್ಕಳ ಆಗಲಿಲ್ಲ.

ಶರಾವತಿ ತೀರ

ಗೇರುಸೊಪ್ಪೆಯನ್ನು ಯಾರೂ ನೆನೆಯಲಿಲ್ಲವಲ್ಲ! ಹೊನ್ನಾವರದಿಂದ ದೋಣಿ ಒಳಗೆ ಬಂದು ನಿಲ್ಲುವ ಕೊನೆಯ ಜಾಗ ಅದು. ಅಲ್ಲಿಂದ ಮುಂದೆ ಘಟ್ಟ, ಹೊಳೆ ಏರುವಂತಿಲ್ಲ. ಮೇಲಿನಿಂದ ಕಾಳುಮೆಣಸು ಎತ್ತಿನ ಮೇಲೆ ಇಳಿದು ದೋಣಿ ಹತ್ತುತ್ತಿದ್ದ ತಾಣ. ಹದಿನಾರನೆಯ ಶತಮಾನದಲ್ಲಿ ಇಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಇದೇ ಕಾರಣಕ್ಕೆ.

ದೋಣಿ ನಿಲ್ಲುವಲ್ಲಿ ಊರು ಹುಟ್ಟುವುದು ಜಗತ್ತಿನ ಎಲ್ಲ ಕಡೆ ಇದೆ. ಕಾಂಗೋ ನದಿ ಒಳನಾಡಿನಲ್ಲಿ ಸಾವಿರಾರು ಕಿಲೋಮೀಟರ್ ದೋಣಿ ನಡೆಸುತ್ತದೆ, ಸಮುದ್ರದ ಹತ್ತಿರ ಬಂದು ಲಿವಿಂಗ್‌ಸ್ಟನ್ ಜಲಪಾತಗಳಲ್ಲಿ ಬೀಳುತ್ತದೆ. ಬೀಳುವ ಮೊದಲು ಕಿನ್ಶಾಸಾ, ಬಿದ್ದ ಮೇಲೆ ಮತಾಡಿ ಬಂದರು. ಎರಡರ ನಡುವೆ 1898ರಲ್ಲಿ ರೈಲು ಮುಗಿಯಿತು, ಅದನ್ನು ಕಟ್ಟುವಾಗ ಕೂಲಿಗಳು ಲೆಕ್ಕವಿಲ್ಲದಷ್ಟು ಸತ್ತರು. ಕಿನ್ಶಾಸಾ ಇಂದು ಆಫ್ರಿಕಾದ ಅತಿ ದೊಡ್ಡ ನಗರಗಳಲ್ಲೊಂದು. ಗೇರುಸೊಪ್ಪೆಯಲ್ಲಿ ಚತುರ್ಮುಖ ಬಸದಿ ಕಾಡಿನ ನಡುವೆ ನಿಂತಿದೆ. ಎರಡೂ ದೋಣಿ ನಿಲ್ಲುವ ಊರುಗಳೇ.

ನಿವೃತ್ತ ಇಂಜಿನಿಯರ್, ದಾಂಡೇಲಿ

ಕಾಂಗೋದ ಬೆನ್ನಿಗೆ ಅರ್ಧ ಖಂಡವಿದೆ, ಗೇರುಸೊಪ್ಪೆಯ ಬೆನ್ನಿಗೆ ನಾಲ್ಕು ತಾಲೂಕು. ಇದು ಮತ್ತೆ ನನ್ನ ವಾದವೇ.

ಶಿರಸಿ ಮಾಸ್ತರು

ಈ ಅಂಕ ಇಂಜಿನಿಯರರಿಗೆ ಸಲ್ಲಬೇಕು. ಆದರೆ ಅವರ ದಾರಿಯಲ್ಲಿ ಒಂದು ಜಾರುಬಂಡೆ ಇದೆ. ಜರ್ಮನಿಯ ಭೂಗೋಳಶಾಸ್ತ್ರಜ್ಞ ರಾಟ್ಸೆಲ್‌ನ ಕಾಲದಿಂದ ನೆಲವೇ ಎಲ್ಲವನ್ನೂ ತೀರ್ಮಾನಿಸುತ್ತದೆ ಎಂಬ ವಾದ ಬೆಳೆಯಿತು. ಅದು ಮುಂದುವರಿದು, ಸೆಖೆಯ ನಾಡಿನವರು ಸೋಮಾರಿಗಳು, ಚಳಿಯ ನಾಡಿನವರು ಆಳಲು ಹುಟ್ಟಿದವರು ಎನ್ನುವವರೆಗೂ ಹೋಯಿತು. ಸಾಮ್ರಾಜ್ಯಗಳಿಗೆ ಅದು ಬಹಳ ಅನುಕೂಲದ ಸಿದ್ಧಾಂತ. ಸಮಭಾಜಕ ವೃತ್ತದ ಪಕ್ಕದ ಸಿಂಗಪುರ ಅದನ್ನು ನಂಬಲಿಲ್ಲ. ಫ್ರಾನ್ಸಿನ ಭೂಗೋಳಶಾಸ್ತ್ರಜ್ಞ ವಿಡಾಲ್ ಡ ಲಾ ಬ್ಲಾಶ್ ಹೇಳಿದ್ದು ಇನ್ನೊಂದು: ನಿಸರ್ಗ ಸಾಧ್ಯತೆಗಳನ್ನು ಮುಂದಿಡುತ್ತದೆ, ಆರಿಸಿಕೊಳ್ಳುವವನು ಮನುಷ್ಯ. ನನ್ನ ಒಲವು ಈ ಕಡೆಗೆ. ಆದರೂ ಆರಿಸಿಕೊಳ್ಳುವ ಮನುಷ್ಯ ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಕಾರವಾರದ ರೈಲನ್ನು ಕಾರವಾರದವರು ಬೇಡ ಎನ್ನಲಿಲ್ಲ.

ಬೈತಖೋಲದವರ ಕಥೆಯನ್ನು ತರಗತಿಯಲ್ಲಿ ಹೇಳಿದೆ. ಹುಡುಗಿ ಬಿಡುವವಳಲ್ಲ. "ಹಾಗಾದರೆ ಮರ್ಮಗೋವಾ ಏಕೆ ಮುಂಬಯಿ ಆಗಲಿಲ್ಲ?" ಎಂದಳು.

ಹಳಿಯಾಳದ ಹೊಲ

ಹುಬ್ಬಳ್ಳಿ–ಅಂಕೋಲಾ ರೈಲು ಆಗಿದ್ದರೆ ಈ ಪ್ರಶ್ನೆಗಳೇ ಇರುತ್ತಿರಲಿಲ್ಲ.

ತೋಟದ ಅಗಳ

ಕಾಡೂ ಇರುತ್ತಿರಲಿಲ್ಲ.

ನಿರ್ವಾಹಕ

ಆ ರೈಲಿನ ಜಗಳಕ್ಕೆ ಬೇರೆ ಎಳೆ ಇದೆ. ದಯವಿಟ್ಟು ಅಲ್ಲಿ.

ಬೈತಖೋಲದ ಗಾಳಿ

ಮರ್ಮಗೋವಾ ರೈಲು ಹಾಕುವ ಹೊತ್ತಿಗೆ ಮುಂಬಯಿ ಬಹಳ ಮುಂದೆ ಹೋಗಿತ್ತು. 1850ರ ದಶಕದಲ್ಲೇ ಅಲ್ಲಿ ಹತ್ತಿ ಗಿರಣಿ ಶುರುವಾಗಿತ್ತು. ಅಮೆರಿಕದ ಯುದ್ಧದ ಲಾಭವೆಲ್ಲ ಅಲ್ಲಿನ ಬ್ಯಾಂಕುಗಳಿಗೆ, ದಲ್ಲಾಳಿಗಳಿಗೆ ಸೇರಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದಾಗ ಇಂಗ್ಲೆಂಡಿನ ಹಡಗಿಗೆ ಮುಂಬಯಿ ಹತ್ತಿರವಾಯಿತು. ಮರ್ಮಗೋವಾ ಪರದೇಶದ ಗಡಿಯೊಳಗೆ ಇತ್ತು, ಸರಕು ಸುಂಕದ ಕಟ್ಟೆ ದಾಟಬೇಕು. ಬೆಳಗಾವಿ–ಪುಣೆ ಮಾರ್ಗ ಸೇರಿದ ಮೇಲೆ ಧಾರವಾಡದ ಹತ್ತಿ ಮುಂಬಯಿಗೇ ರೈಲಿನಲ್ಲಿ ಹೋಗಬಹುದಾಯಿತು. ಮೊದಲು ಬೆಳೆದ ಪೇಟೆ ಉಳಿದವರ ಸರಕನ್ನೂ ಎಳೆದುಕೊಳ್ಳುತ್ತದೆ, ಆಮೇಲೆ ಗುಡ್ಡ, ಕೊಲ್ಲಿ, ಆಳ ಇವುಗಳ ಲೆಕ್ಕ ಹಿಂದೆ ಬೀಳುತ್ತದೆ.

ಕಾರವಾರದ ಕೊಲ್ಲಿಯ ಗುಣ ಮಾತ್ರ ವ್ಯರ್ಥವಾಗಲಿಲ್ಲ. ವ್ಯಾಪಾರಿ ಬಿಟ್ಟುಹೋದದ್ದನ್ನು ನೌಕಾಪಡೆ ಕಂಡಿತು. 1986ರಲ್ಲಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಬಿತ್ತು, 2005ರಲ್ಲಿ ಕದಂಬ ನೌಕಾನೆಲೆ ಶುರುವಾಯಿತು. ಹಿಂದಿನ ಗುಡ್ಡ, ಮುಂದಿನ ದ್ವೀಪಗಳು, ಆಳದ ನೀರು, ಮುಂಬಯಿಯಂತೆ ಕಿಕ್ಕಿರಿಯದ ಕಡಲು, ಎಲ್ಲ ಅವರಿಗೆ ಒದಗಿದವು. ಅಂಕೋಲಾದವರೆಗಿನ ಕಡಲಂಚಿನ ಹಳ್ಳಿಗಳು ಎದ್ದುಹೋದವು. ಮೀನುಗಾರರಿಗೆ ಹಳೆಯ ದಡ ಇಲ್ಲವಾಯಿತು.

ಅಕ್ಕೋರು, ಅಘನಾಶಿನಿ ದಂಡೆ

ಅಂಕೋಲಾ ತಾಲೂಕಿನ ಶಿರೂರನ್ನೂ ಪಾಠಕ್ಕೆ ಸೇರಿಸಿ. 2024ರ ಜುಲೈ 16ರಂದು ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಗಂಗಾವಳಿ ಹೊಳೆಗೆ ಬಿತ್ತು. ಕಡಿದಾದ ಇಳಿಜಾರು, ನೀರು ಕುಡಿದು ಭಾರವಾಗುವ ಜಂಬುಮಣ್ಣು, ಬಿಡದ ಮಳೆ, ಇವು ನೆಲದ ಕಡೆಯವು. ಗುಡ್ಡಕ್ಕೂ ಹೊಳೆಗೂ ನಡುವಿನ ಇಕ್ಕಟ್ಟಿನಲ್ಲಿ ಬುಡ ಕಡಿದು ಅಗಲವಾದ ದಾರಿ, ದಾರಿಯಂಚಿನ ಚಹಾ ಅಂಗಡಿ, ನಿಂತ ಲಾರಿಗಳು, ಇವು ನಮ್ಮ ಕಡೆಯವು. ಮಕ್ಕಳು ಎರಡು ಪಟ್ಟಿ ಮಾಡಲು ಕುಳಿತರೆ ಕೆಲವನ್ನು ಯಾವ ಪಟ್ಟಿಗೆ ಹಾಕಬೇಕೆಂದು ಜಗಳವಾಗುತ್ತದೆ. ಆಗಲಿ.

ಶಿರಸಿ ಮಾಸ್ತರು

ಹಾಗೆಯೇ ಮಾಡಿಸುತ್ತೇನೆ ಅಕ್ಕೋರೇ. ಗುಂಪು ಹಂಚಿದ್ದೇನೆ: ಕುಮಟಾ ಹತ್ತಿ, ಗಜನಿ, ಸೊಪ್ಪಿನಬೆಟ್ಟ, ಭಟ್ಕಳದ ಗಾಳಿ, ಗೇರುಸೊಪ್ಪೆ. ಸಿದ್ದಿ ಮತ್ತು ಮರೂನರದ್ದನ್ನು ಯಲ್ಲಾಪುರದಿಂದ ಬಂದು ಹಾಸ್ಟೆಲಿನಲ್ಲಿರುವ ಇಬ್ಬರು ತಾವಾಗಿ ಕೇಳಿ ತೆಗೆದುಕೊಂಡರು. ಕಗ್ಗ ಭತ್ತದ ಒಂದು ಹಿಡಿ ತೆನೆ ಯಾರಾದರೂ ಶಿರಸಿ ಬಸ್ಸಿನಲ್ಲಿ ಕಳಿಸಲು ಸಾಧ್ಯವೇ?

ಅಕ್ಕೋರು, ಅಘನಾಶಿನಿ ದಂಡೆ

ಕೊಯ್ಲು ಆಗಲಿ, ಕಳಿಸುತ್ತೇನೆ. ಇಂಜಿನಿಯರರಿಗೂ ಒಂದು ಹಿಡಿ.